ನಾರ್ವೆಯಲ್ಲಿ ಟೆಂಟ್ ವಾಸ: ಜಾಗ ಹುಡುಕುವುದರಿಂದ ಜಾಗ ಬಿಡುವವರೆಗೆ

ನಾರ್ವೆಗೆ ಟೆಂಟ್ ಹೊತ್ತು ಹೊರಡುವ ನಮ್ಮವರು ಮೊದಲು ಕೇಳುವ ಪ್ರಶ್ನೆ ಒಂದೇ: "ಪರ್ಮಿಷನ್ ಯಾರ ಹತ್ರ ತಗೋಬೇಕು?" ಕುಮಾರ ಪರ್ವತ ಹತ್ತಬೇಕಾದರೂ ಆನ್‌ಲೈನ್‌ನಲ್ಲಿ ಟಿಕೆಟ್ ಮಾಡಿಸಿ, ಅರಣ್ಯ ಇಲಾಖೆಯ ಗೇಟಿನಲ್ಲಿ ತೋರಿಸಿ ಹೋಗುವವರು ನಾವು. ಕಾಡಿನಲ್ಲಿ ರಾತ್ರಿ ಮಲಗುವುದಂತೂ ದೂರದ ಮಾತು. ಹಾಗಾಗಿ ನಾರ್ವೆಯ ಉತ್ತರ ಕೇಳಿದಾಗ ನಂಬುವುದೇ ಕಷ್ಟವಾಗುತ್ತದೆ. ಯಾರನ್ನೂ ಕೇಳಬೇಕಿಲ್ಲ. ಫೀಸ್ ಇಲ್ಲ, ಫಾರ್ಮ್ ಇಲ್ಲ. ನೀವು ಪ್ರವಾಸಿಯಾಗಿರಲಿ, ಅಲ್ಲೇ ಹುಟ್ಟಿದವರಾಗಿರಲಿ, ಹಕ್ಕು ಒಂದೇ.

ಹಕ್ಕು ಸುಲಭವಾಗಿ ಸಿಗುತ್ತದೆ, ನಿಜ. ಒಳ್ಳೆ ಜಾಗ ಹುಡುಕುವುದು ಮಾತ್ರ ಕಲಿಯಬೇಕಾದ ಕೆಲಸ. ಎಷ್ಟು ದುಬಾರಿ ಟೆಂಟ್ ತಂದಿದ್ದರೂ ಜಾಗ ತಪ್ಪಿದರೆ ನಿದ್ದೆ ಬರುವುದಿಲ್ಲ. ಅದಕ್ಕೇ ಈ ಲೇಖನದಲ್ಲಿ ಸಾಮಾನಿಗಿಂತ ಜಾಗದ ಬಗ್ಗೆ ಜಾಸ್ತಿ ಬರೆದಿದ್ದೇನೆ.

ಮೊದಲು ಕಾನೂನು ತಿಳಿದುಕೊಳ್ಳಿ

ಈ ಹಕ್ಕಿಗೆ ಅಲ್ಲಿ ಅಲ್ಲೆಮಾನ್ಸ್‌ರೆಟ್ತೆನ್ ಎನ್ನುತ್ತಾರೆ. ಎಲ್ಲರ ಹಕ್ಕು ಅಂತ ಅರ್ಥ. ತಲೆತಲಾಂತರದಿಂದ ನಡೆದುಬಂದ ರೂಢಿ ಅದು. 1957ರಲ್ಲಿ ಅದಕ್ಕೆ ಕಾನೂನಿನ ರೂಪ ಕೊಟ್ಟರು.

ಕಾನೂನು ನೆಲವನ್ನು ಎರಡು ಬಗೆಯಾಗಿ ನೋಡುತ್ತದೆ. ನಮ್ಮ ಊರುಗಳಲ್ಲಿ ಹಿತ್ತಲು, ಗದ್ದೆ, ತೋಟ ಒಂದು ಕಡೆ. ಗುಡ್ಡ, ಕಾಡು, ಹಾಡ್ಯ ಇನ್ನೊಂದು ಕಡೆ ಇರುತ್ತದಲ್ಲ, ಹೆಚ್ಚುಕಡಿಮೆ ಹಾಗೇ. ಮನೆಯಂಗಳ, ಬೆಳೆ ಇರುವ ಹೊಲ, ಹುಲ್ಲುಗಾವಲು, ಹೊಸದಾಗಿ ಗಿಡ ನೆಟ್ಟ ಜಾಗ, ಇವೆಲ್ಲ ಇನ್‌ಮಾರ್ಕ್. ಮಾಲೀಕರು ಒಪ್ಪದೆ ಅಲ್ಲಿ ಟೆಂಟ್ ಹಾಕುವ ಹಾಗಿಲ್ಲ. ಕಾಡು, ಬೆಟ್ಟ, ಪೊದೆ ಬಯಲು, ಸಾಗುವಳಿಯಿಲ್ಲದ ಕಡಲತೀರ, ಇವು ಉಟ್‌ಮಾರ್ಕ್. ಅದು ಖಾಸಗಿಯವರ ಜಮೀನೇ ಆಗಿದ್ದರೂ ಅಲ್ಲಿ ನಡೆಯಬಹುದು, ಮಲಗಬಹುದು.

ಪ್ರವಾಸಿಗಳು ತಪ್ಪುವುದು ಬಹಳ ಸಲ ಹುಲ್ಲುಗಾವಲಿನಲ್ಲಿ. ರಸ್ತೆ ಪಕ್ಕದಲ್ಲಿ ಬೇಲಿ ಇಲ್ಲದ, ಹಾಸಿಗೆಯಂತೆ ಮೆತ್ತಗಿರುವ ಹಸಿರು ಬಯಲು ಕಾಣುತ್ತದೆ. ಖಾಲಿ ಜಾಗ ಅನ್ನಿಸುತ್ತದೆ. ಆದರೆ ಆ ಹುಲ್ಲು ಒಬ್ಬ ರೈತನ ಬೆಳೆ. ಚಳಿಗಾಲ ಪೂರ್ತಿ ಅವನ ದನ, ಕುರಿಗಳಿಗೆ ಅದೇ ಮೇವು. ನಮ್ಮ ಭತ್ತದ ಗದ್ದೆಯಲ್ಲಿ ಯಾರೋ ಬಂದು ಟೆಂಟ್ ಹಾಕಿದರೆ ಹೇಗಿರುತ್ತದೆ, ಯೋಚನೆ ಮಾಡಿ. ಒಂದೇ ಎತ್ತರಕ್ಕೆ, ಒಂದೇ ಬಣ್ಣಕ್ಕೆ ಬೆಳೆದ ಹುಲ್ಲು ಕಂಡರೆ ಅದು ಯಾರೋ ಬಿತ್ತಿದ್ದು ಅಂತಲೇ ತಿಳಿದು ಮುಂದೆ ಹೋಗಿ.

ಉಟ್‌ಮಾರ್ಕ್‌ನಲ್ಲೂ ಎರಡು ಅಂಕಿ ನೆನಪಿರಲಿ. ಜನ ಇರುವ ಮನೆ ಅಥವಾ ಕ್ಯಾಬಿನ್ನಿನಿಂದ ಕನಿಷ್ಠ 150 ಮೀಟರ್ ದೂರ ಇರಬೇಕು. ಒಂದೇ ಜಾಗದಲ್ಲಿ 2 ರಾತ್ರಿಗಿಂತ ಹೆಚ್ಚು ಇರಬಾರದು. ಎತ್ತರದ ಬೆಟ್ಟಗಳಲ್ಲಿ, ಊರಿನಿಂದ ತುಂಬ ದೂರದ ಜಾಗಗಳಲ್ಲಿ ಈ ಎರಡು ರಾತ್ರಿಯ ಮಿತಿ ಇಲ್ಲ. 150 ಮೀಟರ್ ಅಂದರೆ ಸುಮಾರು 200 ಹೆಜ್ಜೆ. ಬೀಗ ಹಾಕಿದ ಕ್ಯಾಬಿನ್ ಕಂಡರೆ "ಯಾರೂ ಇಲ್ಲ, ಪರವಾಗಿಲ್ಲ" ಅನ್ನಬೇಡಿ. ನಾರ್ವೆಯವರು ಶುಕ್ರವಾರ ಸಂಜೆ ಕೆಲಸ ಮುಗಿಸಿ ತಮ್ಮ ಕ್ಯಾಬಿನ್ನಿಗೆ ಬರುತ್ತಾರೆ. ರಾತ್ರಿ ಒಂಬತ್ತಕ್ಕೆ ಕಾರಿನ ದೀಪ ನಿಮ್ಮ ಟೆಂಟಿನ ಮೇಲೆ ಬಿದ್ದಾಗ ಅವರಿಗೂ ಕಸಿವಿಸಿ, ನಿಮಗೂ ಕಸಿವಿಸಿ.

ಸ್ಥಳೀಯ ನಿಷೇಧಗಳೂ ಇವೆ. ಕುಡಿಯುವ ನೀರಿನ ಕೆರೆಗಳ ಸುತ್ತ ಟೆಂಟ್ ಹಾಕುವ ಹಾಗಿಲ್ಲ. ಓಸ್ಲೋ ನಗರಕ್ಕೆ ನೀರು ಕೊಡುವ ಮಾರಿದಾಲ್ಸ್‌ವಾನ್ನೆ ಕೆರೆ ಇದಕ್ಕೆ ಒಳ್ಳೆ ಉದಾಹರಣೆ. ಲೊಫೋಟೆನ್ ದ್ವೀಪಗಳಿಗೆ ಈಗ ಬೇಸಿಗೆಯಲ್ಲಿ ವಿಪರೀತ ಜನ ಬರುತ್ತಾರೆ. ಹಾಗಾಗಿ ಅಲ್ಲಿನ ಕೆಲವು ಹೆಸರಾದ ಜಾಗಗಳಲ್ಲಿ ಟೆಂಟಿಗೆ ನಿರ್ಬಂಧ ಬಂದಿದೆ. ಪಾರ್ಕಿಂಗ್ ಹತ್ತಿರದ ಬೋರ್ಡನ್ನು ಓದದೆ ಮುಂದೆ ಹೋಗಬೇಡಿ. ಟೆಂಟ್ ಚಿತ್ರದ ಮೇಲೆ ಕೆಂಪು ಗೆರೆ ಇದ್ದರೆ ಅಲ್ಲಿಗೆ ಮಾತು ಮುಗಿಯಿತು. ಬರೀ ಅಕ್ಷರ ಇದ್ದರೆ ಮೊಬೈಲ್ ಕ್ಯಾಮೆರಾ ಹಿಡಿದು ಅನುವಾದ ಮಾಡಿಸಿಕೊಳ್ಳಿ. ಸ್ವಾಲ್ಬಾರ್ಡ್ ದ್ವೀಪಗಳ ವಿಷಯ ಪೂರ್ತಿ ಬೇರೆ. ಅಲ್ಲಿ ಹಿಮಕರಡಿಗಳಿವೆ, ನಿಯಮಗಳೂ ಬೇರೆ. ಇಲ್ಲಿ ಬರೆದದ್ದನ್ನು ಅಲ್ಲಿಗೆ ಒಯ್ಯಬೇಡಿ.

ಯಾವಾಗ ಹೋಗಬೇಕು

ಬೆಟ್ಟದ ಮೇಲೆ ಹಿಮ ಕರಗಿ ದಾರಿ ತೆರೆಯುವಷ್ಟರಲ್ಲಿ ಜುಲೈ ಬಂದಿರುತ್ತದೆ. ಜುಲೈ ಮಧ್ಯದಿಂದ ಸೆಪ್ಟೆಂಬರ್ ಮೊದಲ ವಾರಗಳವರೆಗೆ ಒಳ್ಳೆ ಕಾಲ. ಉತ್ತರದ ಟ್ರೋಮ್ಸೋ ನಗರದ ಕಡೆ ಮೇ ಕೊನೆಯಿಂದ ಜುಲೈ ಇಪ್ಪತ್ತರ ಹೊತ್ತಿನವರೆಗೆ ಸೂರ್ಯ ಮುಳುಗುವುದೇ ಇಲ್ಲ. ನೋಡಲು ಅದ್ಭುತ. ಆದರೆ ಟೆಂಟಿನೊಳಗೆ ಮಧ್ಯರಾತ್ರಿಯೂ ಹಗಲೇ. ಕಣ್ಣಿಗೆ ಕಟ್ಟಿಕೊಳ್ಳುವ ಪಟ್ಟಿ ಇಲ್ಲದೆ ಹೋಗಬೇಡಿ.

ನನ್ನನ್ನು ಕೇಳಿದರೆ ಆಗಸ್ಟ್ ಕೊನೆಯ ವಾರ. ಸೊಳ್ಳೆ ಕಡಿಮೆಯಾಗಿರುತ್ತದೆ. ಕಾಡಿನ ನೆಲದ ತುಂಬ ಬ್ಲೂಬೆರಿ ಹಣ್ಣಾಗಿರುತ್ತದೆ. ಅದನ್ನು ಕಿತ್ತು ತಿನ್ನುವುದೂ ಎಲ್ಲರ ಹಕ್ಕಿನಲ್ಲೇ ಸೇರಿದೆ. ರಾತ್ರಿ ಕತ್ತಲಾಗುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ. ಚಳಿ ಸ್ವಲ್ಪ ಜಾಸ್ತಿ, ಅಷ್ಟೇ.

ವೀಸಾ, ವಿಮಾನ, ಚೀಲ

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಶೆಂಗೆನ್ ವೀಸಾ ಬೇಕು. ಅರ್ಜಿಯ ಜೊತೆ ಎಲ್ಲಿ ಉಳಿಯುತ್ತೀರಿ ಅನ್ನುವುದಕ್ಕೆ ದಾಖಲೆ ಕೇಳುತ್ತಾರೆ. "ಕಾಡಿನಲ್ಲಿ ಮಲಗುತ್ತೇನೆ" ಎಂದಷ್ಟೇ ಬರೆದರೆ ಸಾಲದು. ಮೊದಲ ಮತ್ತು ಕೊನೆಯ ರಾತ್ರಿಗಳಿಗೆ ಹಾಸ್ಟೆಲ್, ನಡುವೆ ಕೆಲವು ರಾತ್ರಿಗಳಿಗೆ ಕ್ಯಾಂಪಿಂಗ್ ಸ್ಥಳ ಕಾಯ್ದಿರಿಸಿ. ಉಳಿದ ದಿನಗಳ ದಾರಿಯನ್ನು ಇದ್ದದ್ದು ಇದ್ದ ಹಾಗೆ ಬರೆಯಿರಿ. ಪ್ರವಾಸ ವಿಮೆ ಹೇಗೂ ಕಡ್ಡಾಯ. ಬೆಟ್ಟದ ನಡಿಗೆ ಅದರಲ್ಲಿ ಸೇರಿದೆಯಾ ಅಂತ ಒಮ್ಮೆ ನೋಡಿಕೊಳ್ಳಿ.

ವಿಮಾನದಲ್ಲಿ ಗ್ಯಾಸ್ ಡಬ್ಬಿ ಒಯ್ಯುವಂತಿಲ್ಲ, ಕ್ಯಾಬಿನ್ ಚೀಲದಲ್ಲೂ ಇಲ್ಲ, ಲಗೇಜಿನಲ್ಲೂ ಇಲ್ಲ. ಸ್ಟೌವನ್ನು ಚೆನ್ನಾಗಿ ಒರೆಸಿ ಲಗೇಜಿಗೆ ಹಾಕಿ, ತಿರುಪಿನ ಬಾಯಿಯ ಗ್ಯಾಸ್ ಡಬ್ಬಿಯನ್ನು ಅಲ್ಲೇ ಕೊಳ್ಳಿ. ಕ್ರೀಡಾ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ಟೆಂಟಿನ ಗೂಟ, ಚಾಕು, ನಡಿಗೆಯ ಕೋಲು ಲಗೇಜಿಗೆ. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು.

ಟೆಂಟಿನ ಬಗ್ಗೆ ಒಂದೆರಡು ಮಾತು. ಬೆಂಗಳೂರಿನಲ್ಲಿ ಸುಲಭವಾಗಿ ಸಿಗುವ, ಮೇಲಕ್ಕೆಸೆದರೆ ತಾನೇ ಬಿಚ್ಚಿಕೊಳ್ಳುವ ಟೆಂಟ್ ಇಲ್ಲಿ ಬೇಡ. ಎರಡು ಪದರ ಇರಬೇಕು. ಹೊರಪದರ ನೆಲದ ಹತ್ತಿರದವರೆಗೂ ಇಳಿಯಬೇಕು. ನಾರ್ವೆಯ ಪಶ್ಚಿಮ ಕರಾವಳಿಯಲ್ಲಿ ಮಳೆ ಮೇಲಿಂದಷ್ಟೇ ಅಲ್ಲ, ಗಾಳಿಯ ಜೊತೆ ಅಡ್ಡಡ್ಡ ಬರುತ್ತದೆ. ನಮ್ಮ ಆಗುಂಬೆಯ ಮಳೆಗೆ ಚಳಿಯೂ ಸೇರಿದರೆ ಹೇಗೆ, ಹಾಗೆ.

ಮಲಗುವ ಚೀಲದ ಮೇಲೆ ಎರಡು ಮೂರು ಉಷ್ಣತೆ ಬರೆದಿರುತ್ತಾರೆ. ಅದರಲ್ಲಿ ಕಂಫರ್ಟ್ ಅನ್ನುವ ಅಂಕಿಯನ್ನು ಮಾತ್ರ ನಂಬಿ. ಬೇಸಿಗೆಯ ಬೆಟ್ಟಕ್ಕೆ ಆ ಅಂಕಿ 0 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿರಲಿ. ನಮ್ಮ ಮೈಗೆ ಚಳಿಯ ಅಭ್ಯಾಸ ಕಡಿಮೆ, ಅದಕ್ಕೇ ಹೇಳುತ್ತಿದ್ದೇನೆ. ಕೆಳಗೆ ಹಾಸುವ ಮ್ಯಾಟ್ ಇನ್ನೂ ಮುಖ್ಯ. ಚಳಿ ಬರುವುದು ಬಹುಪಾಲು ನೆಲದಿಂದ. ಮ್ಯಾಟಿನ ಮೇಲೆ ಆರ್ ವ್ಯಾಲ್ಯೂ ಅಂತ ಒಂದು ಸಂಖ್ಯೆ ಇರುತ್ತದೆ, ಮ್ಯಾಟ್ ಚಳಿಯನ್ನು ಎಷ್ಟು ತಡೆಯುತ್ತದೆ ಅನ್ನುವುದರ ಅಳತೆ ಅದು. 3ಕ್ಕಿಂತ ಮೇಲಿರುವುದನ್ನು ಆರಿಸಿ. ದುಡ್ಡು ಒಂದಕ್ಕೇ ಸಾಲುವುದಾದರೆ ಮ್ಯಾಟಿಗೆ ಹಾಕಿ.

ಬಟ್ಟೆಯಲ್ಲಿ ಒಂದೇ ನಿಯಮ: ಮೈಗೆ ತಾಗುವುದು ಉಣ್ಣೆಯಾಗಿರಲಿ. ಹತ್ತಿ ಬೆವರಿಗೂ ಮಳೆಗೂ ಒದ್ದೆಯಾದರೆ ಬೇಗ ಒಣಗುವುದಿಲ್ಲ, ಮೈಯ ಬಿಸಿಯನ್ನೂ ಎಳೆದುಬಿಡುತ್ತದೆ. ಜೀನ್ಸ್ ಅಂತೂ ಬೇಡವೇ ಬೇಡ. ರಾತ್ರಿಗೆ ಅಂತಲೇ ಒಂದು ಜೊತೆ ಉಣ್ಣೆ ಬಟ್ಟೆ, ಒಂದು ಜೊತೆ ಕಾಲುಚೀಲ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಿ. ಹಗಲು ಎಷ್ಟೇ ನೆನೆದರೂ ಅದನ್ನು ಮುಟ್ಟಬೇಡಿ.

ಊಟ

ಸಸ್ಯಾಹಾರಿಗಳು ಹೆದರಬೇಕಿಲ್ಲ. ತೆಳು ಅವಲಕ್ಕಿಯಂಥ ಕ್ಯಾಂಪ್ ಊಟ ಇನ್ನೊಂದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹಗುರ, ಕೆಡುವುದಿಲ್ಲ, ಬಿಸಿನೀರು ಚಿಮುಕಿಸಿ ಚಟ್ನಿಪುಡಿ ಕಲಸಿದರೆ ಐದು ನಿಮಿಷದಲ್ಲಿ ಊಟ. ಗ್ಯಾಸೂ ಉಳಿಯುತ್ತದೆ. ಮನೆಯಲ್ಲೇ ರವೆ ಹುರಿದು, ಒಗ್ಗರಣೆ ಕಲಸಿ ಉಪ್ಪಿಟ್ಟಿನ ಪುಡಿ ಮಾಡಿಕೊಂಡು ಹೋಗಬಹುದು. ಹುರಿಗಡಲೆ, ಕಡಲೆಬೀಜ, ಬೆಲ್ಲ ಜೇಬಿನಲ್ಲಿರಲಿ. ಒಂದು ಎಚ್ಚರಿಕೆ: ಭಾರತದಿಂದ ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ನಾರ್ವೆಗೆ ತರುವಂತಿಲ್ಲ. ಹಾಗಾಗಿ ಒಗ್ಗರಣೆಗೆ ತುಪ್ಪ ಬೇಡ, ಎಣ್ಣೆ ಹಾಕಿ. ಹಾಲಿನ ಪುಡಿ, ಹಾಲಿನ ಸಿಹಿತಿಂಡಿ ಮನೆಯಲ್ಲೇ ಬಿಡಿ.

ಅಲ್ಲಿ ಕೊಳ್ಳುವುದಾದರೆ ಕಿವಿ, ರೆಮಾ 1000, ಕೂಪ್ ಅನ್ನುವ ಅಂಗಡಿಗಳು ಎಲ್ಲ ಕಡೆ ಇವೆ. ಬೇಳೆ, ಮಸಾಲೆ ಬೇಕೆಂದರೆ ಓಸ್ಲೋ ರೈಲು ನಿಲ್ದಾಣದಿಂದ ನಡೆದು ಹೋಗುವ ದೂರದಲ್ಲೇ ಗ್ರೋನ್‌ಲಾಂಡ್ ಎಂಬ ಬಡಾವಣೆ ಇದೆ. ಅಲ್ಲಿನ ಅಂಗಡಿಗಳಲ್ಲಿ ನಮ್ಮ ಕಡೆಯ ಸಾಮಾನು ಸಿಗುತ್ತದೆ. ಭಾನುವಾರ ದೊಡ್ಡ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ. ಶನಿವಾರವೇ ಚೀಲ ತುಂಬಿಸಿಕೊಳ್ಳಿ.

ಮೊದಲ ಮೂರು ರಾತ್ರಿ ಹೀಗೆ ಮಾಡಿ

ಇಳಿದ ದಿನವೇ ಬೆಟ್ಟಕ್ಕೆ ಓಡಬೇಡಿ. ಮೊದಲ ರಾತ್ರಿಯನ್ನು ಹಣ ಕೊಟ್ಟು ಕ್ಯಾಂಪಿಂಗ್ ಸ್ಥಳದಲ್ಲಿ ಕಳೆಯಿರಿ. ಶೌಚಾಲಯ, ಬಿಸಿನೀರು, ಅಡುಗೆಗೆ ಜಾಗ ಇರುತ್ತದೆ. ಟೆಂಟ್ ಹಾಕಿ, ತೆಗೆದು, ಮತ್ತೆ ಹಾಕಿ. ಸ್ಟೌವ್ ಹೊತ್ತಿಸಿ ನೋಡಿ. ಏನೋ ಮರೆತಿದ್ದೀರಿ ಅಂತ ಗೊತ್ತಾಗುವುದು ಆವಾಗಲೇ, ಅಂಗಡಿಯೂ ಹತ್ತಿರ ಇರುತ್ತದೆ. ಮಳೆ ಜಾಸ್ತಿಯಾದರೆ ಇಂಥ ಕಡೆ ಬಾಡಿಗೆಗೆ ಸಣ್ಣ ಮರದ ಮನೆಗಳೂ ಇರುತ್ತವೆ.

ಎರಡನೇ ರಾತ್ರಿಗೆ ಓಸ್ಲೋ ಪಕ್ಕದ ನೋರ್ಡ್‌ಮಾರ್ಕಾ ಕಾಡು. ನಗರದ ಮೆಟ್ರೋ 1ನೇ ಲೈನ್ ಹಿಡಿದು ಕೊನೆಯ ನಿಲ್ದಾಣ ಫ್ರೋಗ್ನರ್‌ಸೆಟೆರೆನ್‌ನಲ್ಲಿ ಇಳಿದರೆ ಕಾಡು ಅಲ್ಲಿಂದಲೇ ಶುರು. ರಾಜಧಾನಿಯ ಮೆಟ್ರೋದಲ್ಲಿ ಮಲಗುವ ಚೀಲ ಹೊತ್ತವರು, ಆಫೀಸಿನ ಬ್ಯಾಗ್ ಹೊತ್ತವರು ಅಕ್ಕಪಕ್ಕ ಕೂತಿರುತ್ತಾರೆ. ಆ ನೋಟ ನನಗೆ ತುಂಬ ಇಷ್ಟ. ಒಂದೆರಡು ಗಂಟೆ ಒಳಗೆ ನಡೆದರೆ ಸ್ಪ್ರೂಸ್ ಮರಗಳ ನಡುವೆ ಸಣ್ಣ ಸಣ್ಣ ಕೆರೆಗಳು ಸಿಗುತ್ತವೆ. ಏನಾದರೂ ಎಡವಟ್ಟಾದರೆ ಬೆಳಿಗ್ಗೆ ಮೆಟ್ರೋ ಹಿಡಿದು ವಾಪಸ್ ಬರಬಹುದು.

ಮೂರನೆಯದು ಬೆಟ್ಟ. ಮೊದಲ ಸಲದವರಿಗೆ ನಾನು ಹೇಳುವುದು ಫಿನ್ಸೆ. ಓಸ್ಲೋ–ಬರ್ಗನ್ ರೈಲು ದಾರಿಯಲ್ಲಿ 1,222 ಮೀಟರ್ ಎತ್ತರದಲ್ಲಿರುವ ನಿಲ್ದಾಣ ಅದು. ಅಲ್ಲಿಗೆ ಕಾರಿನ ರಸ್ತೆ ಇಲ್ಲ, ರೈಲೊಂದೇ. ಇಳಿದ ತಕ್ಷಣ ಎದುರಿಗೆ ಕೆರೆ, ಆಚೆ ಹಾರ್ಡಾಂಗರ್‌ಯೋಕುಲೆನ್ ಹಿಮನದಿಯ ಬಿಳಿ ಬೆನ್ನು. ಮರ ಒಂದೂ ಇಲ್ಲ. ನಿಲ್ದಾಣದ ಸುತ್ತಲಿನ ಕ್ಯಾಬಿನ್ನುಗಳನ್ನು ದಾಟಿ ಒಂದು ಗಂಟೆ ನಡೆದರೆ ಟೆಂಟಿಗೆ ಬೇಕಾದಷ್ಟು ಜಾಗ. ಗಾಳಿ ಹುಚ್ಚೆದ್ದರೆ ಪ್ರವಾಸಿ ಸಂಘ ಡಿಎನ್‌ಟಿಯ ದೊಡ್ಡ ತಂಗುಮನೆ ಫಿನ್ಸೆಹಿಟ್ಟಾ ಹತ್ತಿರದಲ್ಲೇ ಇದೆ. ಹಿಮನದಿಯ ಮೇಲೆ ಮಾತ್ರ ಗೈಡ್ ಇಲ್ಲದೆ ಕಾಲಿಡಬೇಡಿ. ಹೊಸ ಹಿಮದ ಕೆಳಗೆ ಬಿರುಕುಗಳು ಕಾಣುವುದಿಲ್ಲ.

ಜಾಗ ಆರಿಸುವ ಬಗೆ

ಸಂಜೆ ಐದಕ್ಕೇ ಹುಡುಕಲು ಶುರು ಮಾಡಿ. ಸುಸ್ತಾಗಿ, ಹಸಿದು, ಮಳೆಯಲ್ಲಿ ಹುಡುಕಿದರೆ ಸಿಕ್ಕಿದ ಮೊದಲ ಸಮತಟ್ಟು ಜಾಗಕ್ಕೇ ಒಪ್ಪಿಬಿಡುತ್ತೇವೆ.

ನಾರ್ವೆಯ ಬೆಟ್ಟದಲ್ಲಿ ಕಣ್ಣಿಗೆ ಮೋಸ ಮಾಡುವುದು ಜವುಗು ನೆಲ. ಅಲ್ಲಿ ಅದನ್ನು ಮೀರ್ ಎನ್ನುತ್ತಾರೆ. ದೂರದಿಂದ ಹುಲ್ಲಿನ ಮೈದಾನದ ಹಾಗೆ ಕಾಣುತ್ತದೆ, ಸಮತಟ್ಟಾಗಿಯೂ ಇರುತ್ತದೆ. ನನ್ನ ಮೊದಲ ಬೆಟ್ಟದ ರಾತ್ರಿ ಅಂಥ ಕಡೆಯೇ ಟೆಂಟ್ ಹಾಕಿದ್ದೆ. ಸಂಜೆ ಮೆತ್ತಗೆ ಹಿತವಾಗಿತ್ತು. ರಾತ್ರಿ ಎರಡಕ್ಕೆ ಎಚ್ಚರವಾದಾಗ ಮ್ಯಾಟಿನ ಕೆಳಗೆ ನೀರು ಓಡಾಡುತ್ತಿತ್ತು. ಮೈಭಾರಕ್ಕೆ ಪಾಚಿಯೊಳಗಿನ ನೀರು ಮೇಲೆ ಬಂದಿತ್ತು. ಆಮೇಲೆ ಗುರುತು ಕಲಿತೆ. ಹತ್ತಿಯ ಉಂಡೆಯಂಥ ಬಿಳಿ ಹೂವು ತಲೆದೂಗುತ್ತಿದ್ದರೆ ಆ ನೆಲ ಒದ್ದೆ. ನೋಡಲು ಬಹಳ ಚಂದ, ಫೋಟೋ ತೆಗೆದು ಮುಂದೆ ಹೋಗಿ. ನೇರಳೆ ಹೂವಿನ ಹೆದರ್ ಪೊದೆ, ಬ್ಲೂಬೆರಿ ಗಿಡ, ಪೈನ್ ಮರ ಇರುವಲ್ಲಿ ನೆಲ ಸಾಮಾನ್ಯವಾಗಿ ಒಣಗಿರುತ್ತದೆ. ಅನುಮಾನ ಬಂದರೆ ಹಿಮ್ಮಡಿ ಊರಿ ಅರ್ಧ ನಿಮಿಷ ನಿಲ್ಲಿ. ಶೂ ಸುತ್ತ ನೀರು ಜಿನುಗಿದರೆ ಬೇರೆ ಜಾಗ ನೋಡಿ.

ತಗ್ಗು ಬೇಡ. ರಾತ್ರಿ ತಣ್ಣನೆ ಗಾಳಿ ಇಳಿದು ತಗ್ಗಿನಲ್ಲೇ ನಿಲ್ಲುತ್ತದೆ, ಮಳೆ ನೀರೂ ಅಲ್ಲಿಗೇ ಬರುತ್ತದೆ. ದಿಬ್ಬದ ನೆತ್ತಿಯೂ ಬೇಡ, ಗಾಳಿ ನಿದ್ದೆ ಮಾಡಲು ಬಿಡುವುದಿಲ್ಲ. ನಡುವೆ ಎಲ್ಲೋ, ಗಾಳಿ ಬರುವ ಕಡೆ ಒಂದು ಬಂಡೆಯೋ ಏರೋ ಮರೆಯಾಗಿರುವ ಜಾಗ ಬೇಕು. ಕಡಿದಾದ ಬಂಡೆಗೋಡೆಯ ಬುಡದಲ್ಲಿ ಹೊಸದಾಗಿ ಒಡೆದ, ಪಾಚಿ ಹಿಡಿಯದ ಕಲ್ಲುಗಳು ಬಿದ್ದಿದ್ದರೆ ಮೇಲಿಂದ ಈಗಲೂ ಕಲ್ಲು ಉರುಳುತ್ತಿವೆ ಅಂತ ಅರ್ಥ. ಅಲ್ಲಿ ಕೂತು ಟೀ ಕೂಡ ಕುಡಿಯಬೇಡಿ.

ನದಿ ದಂಡೆಯಲ್ಲಿ ಇನ್ನೊಂದು ವಿಷಯ ಗಮನಿಸಬೇಕು. ನಾರ್ವೆಯ ವಿದ್ಯುತ್ತಿನ ಬಹುಭಾಗ ಬರುವುದು ನೀರಿನಿಂದ. ಮೇಲೆ ಅಣೆಕಟ್ಟು ಇರುವ ನದಿಗಳಲ್ಲಿ ಬಿಸಿಲಿನ ದಿನವೂ ನೀರು ದಿಢೀರನೆ ಏರಬಹುದು. ಎಚ್ಚರಿಕೆಯ ಬೋರ್ಡ್ ಕಂಡರೆ ದಂಡೆಯಿಂದ ಎತ್ತರಕ್ಕೆ ಹೋಗಿ. ಕಡಲತೀರದಲ್ಲಾದರೆ ಒಣಗಿದ ಕಡಲಕಳೆಯ ಗೆರೆ ಹುಡುಕಿ. ಭರತದ ನೀರು ಅಲ್ಲಿಯವರೆಗೆ ಬಂದು ಹೋಗಿದೆ. ಲೊಫೋಟೆನ್ ಕಡೆ ಭರತ ಇಳಿತಗಳ ನಡುವೆ ನೀರಿನ ಮಟ್ಟ ಎರಡು ಮೀಟರಿಗಿಂತ ಜಾಸ್ತಿ ಬದಲಾಗುವ ದಿನಗಳಿವೆ. ಗೆರೆಗಿಂತ ಸಾಕಷ್ಟು ಮೇಲೆ ಮಲಗಿ.

ಸೊಳ್ಳೆಗಿಂತಲೂ ಕಾಟ ಕೊಡುವುದು ಕ್ನೋಟ್ ಅನ್ನುವ ಚಿಕ್ಕ ನೊಣ. ಗಾಳಿ ಇಲ್ಲದ, ತೇವದ ಸಂಜೆ ಮೋಡದ ಹಾಗೆ ಮುತ್ತಿಕೊಳ್ಳುತ್ತದೆ. ನೀರಿನ ಪಕ್ಕ ಅದು ಜಾಸ್ತಿ. ಸ್ವಲ್ಪ ಗಾಳಿಯಾಡುವ ಜಾಗ ಆರಿಸಿದರೆ ಅರ್ಧ ಸಮಸ್ಯೆ ತೀರುತ್ತದೆ. ತಲೆಗೆ ಹಾಕುವ ಬಲೆ ಹಗುರ, ಅಗ್ಗ, ಒಯ್ಯಿರಿ. ದಕ್ಷಿಣದ ಕರಾವಳಿಯ ಹುಲ್ಲಿನಲ್ಲಿ ರಕ್ತ ಹೀರುವ ಉಣ್ಣಿಗಳಿವೆ, ಮಲಗುವ ಮುಂಚೆ ಮಂಡಿಯ ಹಿಂಭಾಗ, ಕಂಕುಳು, ತೊಡೆಸಂದು ನೋಡಿಕೊಳ್ಳಿ.

ನಮ್ಮವರು ರಾತ್ರಿ ಹೆದರುವುದು ಪ್ರಾಣಿಗಳಿಗೆ. ಪಶ್ಚಿಮ ಘಟ್ಟದಲ್ಲಿ ಆನೆ, ಕಾಟಿಗಳ ನಡುವೆ ಓಡಾಡಿದವರಿಗೆ ಅದು ಸಹಜ. ಇಲ್ಲಿ ಆ ಭಯ ಬೇಡ. ಕರಡಿ, ತೋಳ ಬಹಳ ಕಡಿಮೆ. ವಿಷದ ಹಾವು ಒಂದೇ ಜಾತಿ. ರಾತ್ರಿ ಟೆಂಟಿನ ಪಕ್ಕ ಏನೋ ಉಸಿರಾಡಿದರೆ ಅದು ಬಹುಮಟ್ಟಿಗೆ ಕುರಿ. ದೋವ್ರೆಫ್ಯೆಲ್ ಬೆಟ್ಟಗಳಲ್ಲಿ ಮಾತ್ರ ಮಸ್ಕ್ ಆಕ್ಸ್ ಅನ್ನುವ ದೊಡ್ಡ ಕೂದಲಿನ ಪ್ರಾಣಿಗಳಿವೆ, ಅವುಗಳಿಂದ 200 ಮೀಟರ್ ದೂರ ಇರಬೇಕು.

ಟೆಂಟ್ ಕಟ್ಟುವುದು

ಮೊದಲು ನೆಲದಲ್ಲಿ ಮಲಗಿ ನೋಡಿ. ಕಲ್ಲು, ಬೇರು ಎಲ್ಲಿವೆ ಅಂತ ಬೆನ್ನಿಗೆ ಗೊತ್ತಾಗುತ್ತದೆ. ಇಳಿಜಾರು ಸ್ವಲ್ಪ ಇದ್ದರೆ ತಲೆ ಮೇಲಕ್ಕಿರಲಿ. ಟೆಂಟಿನ ಕಿರಿದಾದ ತುದಿ ಗಾಳಿಗೆ ಎದುರಾಗಬೇಕು, ಬಾಗಿಲು ಗಾಳಿಗೆ ಬೆನ್ನು ಮಾಡಬೇಕು. ಮೊದಲ ಗೂಟವನ್ನು ಗಾಳಿ ಬರುವ ಕಡೆಯಿಂದಲೇ ಹೊಡೆಯಿರಿ. ಇಲ್ಲದಿದ್ದರೆ ಟೆಂಟ್ ಗಾಳಿಪಟವಾಗುತ್ತದೆ. ಬಂಡೆ ನೆಲದಲ್ಲಿ ಗೂಟ ಇಳಿಯುವುದಿಲ್ಲ. ಹಗ್ಗವನ್ನು ದೊಡ್ಡ ಕಲ್ಲಿಗೆ ಸುತ್ತಿ, ಮೇಲೆ ಇನ್ನೊಂದು ಕಲ್ಲಿಡಿ. ಆಕಾಶ ತಿಳಿಯಾಗಿದ್ದರೂ ಎಲ್ಲ ಹಗ್ಗಗಳನ್ನೂ ಕಟ್ಟಿ. ಅಲ್ಲಿ ಹವೆ ಬದಲಾಗಲು ಒಂದು ಗಂಟೆ ಸಾಕು.

ಮಲಗುವಾಗ ಗಾಳಿಕಿಂಡಿ ಮುಚ್ಚಬೇಡಿ. ಚಳಿ ಅಂತ ಮುಚ್ಚಿದರೆ ನಿಮ್ಮ ಉಸಿರೇ ಹನಿಯಾಗಿ ಮೇಲಿಂದ ತೊಟ್ಟಿಕ್ಕುತ್ತದೆ. ಟೆಂಟಿನೊಳಗೆ ಸ್ಟೌವ್ ಹೊತ್ತಿಸಲೇಬೇಡಿ. ಬೆಂಕಿ ಹತ್ತುವ ಭಯ ಒಂದು. ಇನ್ನೊಂದು, ಇಂಗಾಲದ ಮಾನಾಕ್ಸೈಡ್. ಅದಕ್ಕೆ ವಾಸನೆ ಇಲ್ಲ. ನಿದ್ದೆ ಬಂದ ಹಾಗೆ ಆಗಿ ಜೀವ ಹೋಗುತ್ತದೆ. ದಯವಿಟ್ಟು ಈ ಒಂದು ಮಾತನ್ನು ಮರೆಯಬೇಡಿ.

ಬೆಂಕಿ, ನೀರು, ಶೌಚ

ಏಪ್ರಿಲ್ 15ರಿಂದ ಸೆಪ್ಟೆಂಬರ್ 15ರವರೆಗೆ ಕಾಡಿನಲ್ಲಿ, ಕಾಡಿನ ಹತ್ತಿರ ಬೆಂಕಿ ಹಾಕುವುದಕ್ಕೆ ನಿಷೇಧವಿದೆ. ಬೆಂಕಿ ಹರಡುವ ಸಾಧ್ಯತೆಯೇ ಇಲ್ಲ ಎಂಬುದು ಸ್ಪಷ್ಟವಾಗಿರುವ ಕಡೆ ವಿನಾಯಿತಿ ಇದೆ. ಆದರೆ ಅದನ್ನು ಅಳೆಯುವ ಅನುಭವ ಹೊಸಬರಿಗೆ ಇರುವುದಿಲ್ಲ. ಕ್ಯಾಂಪ್‌ಫೈರ್ ಆಸೆ ಬಿಟ್ಟುಬಿಡಿ, ಸ್ಟೌವ್ ಸಾಕು. ಅದನ್ನೂ ಒಣಹುಲ್ಲು, ಪೊದೆಗಳಿಂದ ದೂರ, ನೀರಿನ ಪಕ್ಕದ ಬರಿ ಕಲ್ಲಿನ ಮೇಲೆ ಇಟ್ಟು ಹೊತ್ತಿಸಿ. ಮಳೆಯಿಲ್ಲದೆ ಕಾಡು ಒಣಗಿದಾಗ ಸ್ಥಳೀಯ ಆಡಳಿತ ಪೂರ್ತಿ ನಿಷೇಧ ಹಾಕುತ್ತದೆ. ಆಗ ಕಾಡಿನಲ್ಲಿ ಸ್ಟೌವೂ ಇಲ್ಲ. ಅಂಥ ದಿನ ತಣ್ಣೀರಲ್ಲಿ ನೆನೆಸಿದ ಅವಲಕ್ಕಿ, ಬೆಲ್ಲವೇ ಊಟ.

ಬೆಟ್ಟದ ಹರಿಯುವ ತೊರೆಯ ನೀರನ್ನು ಅಲ್ಲಿನ ಜನ ನೇರವಾಗಿ ಕುಡಿಯುತ್ತಾರೆ. ನೀವೂ ಕುಡಿಯಬಹುದು. ಆದರೆ ಮೊದಲು ಐವತ್ತು ಹೆಜ್ಜೆ ಮೇಲೆ ಹತ್ತಿ ನೋಡಿ. ಕುರಿ ಮೇಯುತ್ತಿದ್ದರೆ, ಕ್ಯಾಬಿನ್ ಇದ್ದರೆ, ಕುದಿಸಿ ಕುಡಿಯಿರಿ. ನಿಂತ ನೀರು ಬೇಡ. ಹಿಮನದಿಯಿಂದ ಬರುವ ಹಾಲುಬಣ್ಣದ ನೀರಿನಲ್ಲಿ ಕಲ್ಲಿನ ನುಣ್ಣನೆ ಪುಡಿ ಇರುತ್ತದೆ, ಬೇರೆ ತೊರೆ ಹುಡುಕುವುದು ಮೇಲು. ಪಾತ್ರೆಯನ್ನು ತೊರೆಯೊಳಗೆ ತೊಳೆಯಬೇಡಿ. ನೀರು ತಂದು, ದೂರದಲ್ಲಿ ತೊಳೆದು, ಮಣ್ಣಿಗೆ ಚೆಲ್ಲಿ.

ಶೌಚಕ್ಕೆ ನೀರು ಮತ್ತು ಕಾಲುದಾರಿ ಎರಡರಿಂದಲೂ ಚೆನ್ನಾಗಿ ದೂರ ಹೋಗಿ. ಕೈಸಲಿಕೆಯಿಂದ ಒಂದು ಗೇಣು ಆಳದ ಗುಂಡಿ ತೋಡಿ, ಆಮೇಲೆ ಮುಚ್ಚಿ, ಕಿತ್ತ ಹುಲ್ಲಿನ ಹೆಂಟೆಯನ್ನು ಮೇಲಿಡಿ. ನಮಗೆ ನೀರಿನ ಅಭ್ಯಾಸ ಇರುವುದು ಇಲ್ಲಿ ಅನುಕೂಲವೇ. ಒಂದು ಬಾಟಲಿ ನೀರು ಒಯ್ದರೆ ಕಾಗದ ಬೇಡ. ಒದ್ದೆ ಟಿಶ್ಯೂ ಬಳಸಿದರೆ ಕವರಿನಲ್ಲಿ ಕಟ್ಟಿ ವಾಪಸ್ ತರಲೇಬೇಕು, ಅದು ಮಣ್ಣಲ್ಲಿ ಕರಗುವುದಿಲ್ಲ. ಲೊಫೋಟೆನ್‌ನ ಹಳ್ಳಿಯವರಿಗೆ ಪ್ರವಾಸಿಗಳ ಮೇಲೆ ಬೇಸರ ಬಂದಿರುವುದಕ್ಕೆ ಟೆಂಟಿಗಿಂತ ಹೆಚ್ಚಾಗಿ ಬಂಡೆಗಳ ಹಿಂದೆ ಬಿದ್ದಿರುವ ಬಿಳಿ ಕಾಗದವೇ ಕಾರಣ. ನಮ್ಮ ಕಾಗದ ಅದರಲ್ಲಿ ಒಂದಾಗಬಾರದು.

ಹವೆ ನೋಡುವುದು, ತಿರುಗಿ ಬರುವುದು

ಹವಾಮಾನಕ್ಕೆ ನಾರ್ವೆಯವರು ನೋಡುವುದು ಯೀರ್ ಅನ್ನುವ ಆ್ಯಪ್. ಮಳೆಗಿಂತ ಮೊದಲು ಗಾಳಿಯ ಅಂಕಿ ನೋಡಿ. ಅದನ್ನು ಸೆಕೆಂಡಿಗೆ ಇಷ್ಟು ಮೀಟರ್ ಅಂತ ಕೊಡುತ್ತಾರೆ. 3.6ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಅಂತ ಸಿಗುತ್ತದೆ. ಮರವಿಲ್ಲದ ಬೆಟ್ಟದಲ್ಲಿ 10 ದಾಟುವ ಮುನ್ಸೂಚನೆ ಇದ್ದರೆ ಹೊಸಬರು ಟೆಂಟ್ ಹಾಕದಿರುವುದೇ ಒಳ್ಳೆಯದು. ಕೆಳಗೆ ಕಣಿವೆಯಲ್ಲಿ ಹಿತವಾಗಿದೆ ಅಂತ ಮೋಸ ಹೋಗಬೇಡಿ. ಮೇಲೆ ಹೋದಂತೆ ಚಳಿ, ಗಾಳಿ ಎರಡೂ ಏರುತ್ತವೆ. ಕಲ್ಲಿನ ಮೇಲೆ ಬರೆದ ಕೆಂಪು ಟಿ ಗುರುತು ಡಿಎನ್‌ಟಿ ದಾರಿಯದು. ಮಂಜು ಕವಿದರೆ ಒಂದು ಟಿ ಕಾಣುವ ತನಕ ಇನ್ನೊಂದನ್ನು ಬಿಡಬೇಡಿ. ಕಾಗದದ ನಕ್ಷೆ ಇರಲಿ, ಚಳಿಗೆ ಮೊಬೈಲ್ ಬ್ಯಾಟರಿ ಬೇಗ ಇಳಿಯುತ್ತದೆ.

ಬೆಟ್ಟಕ್ಕೆ ಹೋಗುವವರಿಗಾಗಿ ನಾರ್ವೆಯಲ್ಲಿ 9 ನಿಯಮಗಳಿವೆ. ಅಲ್ಲಿನ ಮಕ್ಕಳಿಗೂ ಗೊತ್ತು. ಎಂಟನೆಯದು, ಸಮಯವಿರುವಾಗಲೇ ತಿರುಗಿ, ತಿರುಗುವುದರಲ್ಲಿ ನಾಚಿಕೆಯಿಲ್ಲ ಅನ್ನುತ್ತದೆ. ಅಷ್ಟು ದೂರದಿಂದ, ಅಷ್ಟು ಖರ್ಚು ಮಾಡಿ ಬಂದವರಿಗೆ ವಾಪಸ್ ತಿರುಗಲು ಮನಸ್ಸು ಬರುವುದಿಲ್ಲ, ಅಲ್ವಾ? ಆ ನಿಯಮ ನಮಗೆಂದೇ ಬರೆದ ಹಾಗಿದೆ. ದಾರಿಯನ್ನು, ವಾಪಸ್ ಬರುವ ದಿನವನ್ನು ಯಾರಿಗಾದರೂ ಹೇಳಿ ಹೊರಡಿ. ತುರ್ತಿಗೆ ಬೆಂಕಿಯಾದರೆ 110, ಪೊಲೀಸ್ ಮತ್ತು ರಕ್ಷಣೆಗೆ 112, ಆಂಬುಲೆನ್ಸಿಗೆ 113. ಹ್ಯೆಲ್ಪ್ 113 ಅನ್ನುವ ಆ್ಯಪ್ ಹಾಕಿಕೊಂಡರೆ ಕರೆ ಮಾಡುವಾಗ ನೀವಿರುವ ಜಾಗವನ್ನೂ ಕಳಿಸುತ್ತದೆ.

ಎರಡು ಮೂರು ರಾತ್ರಿ ಕಾಡಿನಲ್ಲಿ ಕಳೆದ ಮೇಲೆ ಒಂದು ರಾತ್ರಿ ಕ್ಯಾಂಪಿಂಗ್ ಸ್ಥಳಕ್ಕೆ ಬನ್ನಿ. ಬಟ್ಟೆ ಒಗೆದು, ಫೋನ್ ಚಾರ್ಜ್ ಮಾಡಿ, ಬಿಸಿನೀರು ಸ್ನಾನ ಮಾಡಿ, ಟೆಂಟ್ ಒಣಗಿಸಿ. ಒದ್ದೆ ಟೆಂಟನ್ನು ಹಾಗೇ ಮಡಚಿ ಇಟ್ಟರೆ ಕೆಲವೇ ದಿನದಲ್ಲಿ ಬೂಷ್ಟು ಹಿಡಿಯುತ್ತದೆ.

ಹೊರಡುವ ಬೆಳಿಗ್ಗೆ

ಮೊದಲು ಮಲಗುವ ಚೀಲ ಕಟ್ಟಿ, ಕೊನೆಗೆ ಟೆಂಟ್ ಬಿಚ್ಚಿ. ಮಳೆ ಇದ್ದರೆ ಹೊರಪದರದ ಮರೆಯಲ್ಲೇ ಒಳಗಿನದೆಲ್ಲ ಪ್ಯಾಕ್ ಆಗಲಿ. ಗೂಟ ಎಣಿಸಿ. ಹುಲ್ಲಿನಲ್ಲಿ ಒಂದಾದರೂ ಉಳಿದಿರುತ್ತದೆ, ಅದು ಕುರಿಯ ಕಾಲಿಗೆ ಚುಚ್ಚಬಹುದು. ಹಗ್ಗಕ್ಕೆ ಇಟ್ಟ ಕಲ್ಲುಗಳನ್ನು ಎಲ್ಲಿಂದ ತಂದಿರೋ ಅಲ್ಲಿಗೇ ಒಯ್ಯಿರಿ. ಪಾಚಿ ಹಿಡಿದ ಮುಖ ಮೇಲೆ ಬರುವ ಹಾಗೆ ಇಡಿ, ಆ ಪಾಚಿ ಬೆಳೆಯಲು ಬಹಳ ವರ್ಷ ಹಿಡಿದಿರುತ್ತದೆ. ಚೀಲ ಹೆಗಲಿಗೇರಿಸುವ ಮುಂಚೆ ಟೆಂಟ್ ಇದ್ದ ಜಾಗದ ಸುತ್ತ ಒಂದು ಸುತ್ತು ನಿಧಾನವಾಗಿ ನಡೆಯಿರಿ. ಚಾಕೊಲೇಟ್ ಕಾಗದದ ಸಣ್ಣ ಮೂಲೆ, ಒಂದು ಹಿಡಿ ಚೆಲ್ಲಿದ ಅವಲಕ್ಕಿ ಕಣ್ಣಿಗೆ ಬೀಳುವುದು ಆವಾಗಲೇ.